ಡಿದರ್ (ಡಿಜಿಟಲ್ ಧ್ವನಿ)

ಡಿದರ್ ಎಂಬುದು ಡಿಜಿಟಲ್ ಧ್ವನಿಯ ಬಿಟ್ ಆಳವನ್ನು ತಗ್ಗಿಸುವಾಗ ಅದಕ್ಕೆ ಉದ್ದೇಶಪೂರ್ವಕವಾಗಿ ಸೇರಿಸಲಾಗುವ ಅತ್ಯಂತ ಕ್ಷೀಣವಾದ, ನಿಯಮವಿಲ್ಲದ ಸದ್ದು. ಬಿಟ್ ಆಳ ತಗ್ಗಿದಾಗ ಉಂಟಾಗುವ ದೋಷವು ಮೂಲ ಧ್ವನಿಗೆ ಅಂಟಿಕೊಂಡ ಕರ್ಕಶ ವಿರೂಪವಾಗಿ ಕೇಳಿಸದೆ, ಧ್ವನಿಯಿಂದ ಬೇರೆಯಾದ ಸಮಪ್ರಮಾಣದ ಸುಯ್ಯೆನ್ನುವ ಸದ್ದಾಗಿ ಉಳಿಯುವಂತೆ ಮಾಡುವುದು ಇದರ ಉದ್ದೇಶ. ಹಾಡಿನ ಕೊನೆಯಲ್ಲಿ ಮೆಲ್ಲನೆ ಅಡಗುವ ದನಿ, ತಂಬೂರಿಯ ಝೇಂಕಾರದ ತುದಿ, ದೊಡ್ಡ ಕಟ್ಟಡದೊಳಗಿನ ಪ್ರತಿಧ್ವನಿ ಮೊದಲಾದ ಮಂದ ಭಾಗಗಳಲ್ಲಿ ಇದರ ಪರಿಣಾಮ ಗೋಚರವಾಗುತ್ತದೆ. ಸಾಮಾನ್ಯ ನಿಯಮವಾಗಿ, ಧ್ವನಿಯನ್ನು ಕಡಿಮೆ ಬಿಟ್‌ಗಳ ಪೂರ್ಣಾಂಕ ರೂಪಕ್ಕೆ ಇಳಿಸುವ ಪ್ರತಿಯೊಂದು ಸಲವೂ, ಉಳಿದೆಲ್ಲ ಸಂಸ್ಕರಣೆಗಳು ಮುಗಿದ ನಂತರ, ಕಟ್ಟಕಡೆಯ ಹಂತವಾಗಿ ಡಿದರ್ ಬಳಸಲಾಗುತ್ತದೆ.

ಹಿನ್ನೆಲೆ: ಮಾದರಿ ಮತ್ತು ಬಿಟ್ ಆಳ

ಗಾಳಿಯಲ್ಲಿ ಧ್ವನಿಯು ಎಡೆಬಿಡದ ತರಂಗವಾಗಿರುತ್ತದೆ. ಡಿಜಿಟಲ್ ಮುದ್ರಣದಲ್ಲಿ ಈ ತರಂಗದ ಎತ್ತರವನ್ನು ನಿಯತ ಅಂತರದಲ್ಲಿ ಅಳೆದು ಸಂಖ್ಯೆಗಳಾಗಿ ಬರೆದಿಡಲಾಗುತ್ತದೆ. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಹೀಗೆ ಅಳೆಯಲಾಗುತ್ತದೆ. ಪ್ರತಿಯೊಂದು ಅಳತೆಗೂ ಮಾದರಿ ಎಂದು ಹೆಸರು. ಒಂದು ಮಾದರಿಯನ್ನು ಬರೆಯಲು ಬಳಸುವ ಬಿಟ್‌ಗಳ ಸಂಖ್ಯೆಯೇ ಬಿಟ್ ಆಳ.

ಬಿಟ್ ಆಳ ಹೆಚ್ಚಿದಂತೆ ಅಳತೆಯ ಮೆಟ್ಟಿಲುಗಳು ಸಣ್ಣವಾಗುತ್ತವೆ. 8 ಬಿಟ್‌ಗಳಲ್ಲಿ 256, 16 ಬಿಟ್‌ಗಳಲ್ಲಿ 65,536, 24 ಬಿಟ್‌ಗಳಲ್ಲಿ 1,67,77,216 ಮೆಟ್ಟಿಲುಗಳಿರುತ್ತವೆ. ಒಂದು ಬಿಟ್ ಹೆಚ್ಚಿದರೆ ಅತಿ ಜೋರಾದ ದನಿಗೂ ಅಳತೆಯ ದೋಷಕ್ಕೂ ನಡುವಣ ಅಂತರ ಸುಮಾರು 6 ಡೆಸಿಬೆಲ್‌ನಷ್ಟು ಹಿಗ್ಗುತ್ತದೆ. ತಾತ್ತ್ವಿಕವಾಗಿ ಈ ಅಂತರ 16 ಬಿಟ್‌ಗಳಲ್ಲಿ ಸುಮಾರು 98 ಡೆಸಿಬೆಲ್, 24 ಬಿಟ್‌ಗಳಲ್ಲಿ ಸುಮಾರು 146 ಡೆಸಿಬೆಲ್.

ತರಂಗದ ನಿಜವಾದ ಎತ್ತರವು ಎರಡು ಮೆಟ್ಟಿಲುಗಳ ನಡುವೆ ಬಿದ್ದಾಗ ಅದನ್ನು ಹತ್ತಿರದ ಮೆಟ್ಟಿಲಿಗೆ ಹೊಂದಿಸಬೇಕಾಗುತ್ತದೆ. ಈ ಕ್ರಿಯೆಗೆ ಕ್ವಾಂಟೀಕರಣ ಎಂದೂ, ನಿಜವಾದ ಬೆಲೆಗೂ ಬರೆದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಕ್ವಾಂಟೀಕರಣ ದೋಷ ಎಂದೂ ಹೆಸರು. ಮುದ್ರಣದ ವೇಳೆಯಲ್ಲಿ ಮಾತ್ರವಲ್ಲದೆ, 24 ಬಿಟ್‌ಗಳ ಕಡತವನ್ನು 16 ಬಿಟ್‌ಗಳಿಗೆ ಇಳಿಸುವಾಗಲೂ ಇದೇ ಕ್ರಿಯೆ ಮತ್ತೊಮ್ಮೆ ನಡೆಯುತ್ತದೆ.

ಡಿದರ್ ಇಲ್ಲದಿದ್ದರೆ ಆಗುವ ಹಾನಿ

ಧ್ವನಿಯು ಜೋರಾಗಿಯೂ ಸಂಕೀರ್ಣವಾಗಿಯೂ ಇರುವಾಗ ಕ್ವಾಂಟೀಕರಣ ದೋಷವು ಮಾದರಿಯಿಂದ ಮಾದರಿಗೆ ಕ್ರಮವಿಲ್ಲದೆ ಬದಲಾಗುತ್ತಿರುತ್ತದೆ. ಆಗ ಅದು ಕೇವಲ ಕ್ಷೀಣವಾದ ಹಿನ್ನೆಲೆ ಸದ್ದಿನಂತೆ ವರ್ತಿಸುತ್ತದೆ ಮತ್ತು ಹಾಡಿನ ಅಬ್ಬರದಲ್ಲಿ ಕೇಳಿಸುವುದಿಲ್ಲ. ಧ್ವನಿ ಮಂದವಾಗುತ್ತ ಕೆಲವೇ ಮೆಟ್ಟಿಲುಗಳ ಎತ್ತರಕ್ಕೆ ಇಳಿದಾಗ ಸ್ಥಿತಿ ಬೇರೆಯಾಗುತ್ತದೆ. ನುಣುಪಾದ ತರಂಗವು ಒರಟು ಮೆಟ್ಟಿಲುಗಳ ಸಾಲಾಗುತ್ತದೆ. ದೋಷವು ಧ್ವನಿಯ ಏರಿಳಿತವನ್ನೇ ಅನುಸರಿಸುವುದರಿಂದ ಮೂಲದಲ್ಲಿ ಇಲ್ಲದ ಸ್ವರಾಂಶಗಳು ಹುಟ್ಟುತ್ತವೆ. ಕಿವಿಗೆ ಇದು ಗರಗರ ಸದ್ದಿನಂತೆ ಕೇಳಿಸುತ್ತದೆ. ಧ್ವನಿ ಅರ್ಧ ಮೆಟ್ಟಿಲಿಗಿಂತಲೂ ಕೆಳಗಿಳಿದರೆ ಎಲ್ಲ ಮಾದರಿಗಳೂ ಸೊನ್ನೆಯಾಗಿ, ದನಿ ಅಡಗುವ ಬದಲು ಥಟ್ಟನೆ ಕತ್ತರಿಸಿ ಹೋಗುತ್ತದೆ.

ಹೀಗೆ ಒಮ್ಮೆ ಕಳೆದುಹೋದ ಅಂಶವನ್ನು ಮುಂದೆ ಯಾವ ಸಂಸ್ಕರಣೆಯಿಂದಲೂ ಮರಳಿ ಪಡೆಯಲಾಗದು. ಆದುದರಿಂದ ಡಿದರ್ ಅನ್ನು ಬಿಟ್‌ಗಳನ್ನು ಇಳಿಸುವ ಮೊದಲೇ ಸೇರಿಸಬೇಕು.

ಡಿದರ್ ಕೆಲಸ ಮಾಡುವ ಬಗೆ

ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಮಾದರಿಯ ನಿಜವಾದ ಬೆಲೆ 3.3 ಎಂದಿರಲಿ. ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸಿದರೆ ಅದು 3 ಆಗುತ್ತದೆ. ಇದೇ ಬೆಲೆ ಸಾವಿರ ಸಲ ಬಂದರೂ ಸಾವಿರ ಸಲವೂ 3 ಎಂದೇ ಬರೆಯಲ್ಪಟ್ಟು, 0.3ರ ಸುಳಿವು ಎಲ್ಲಿಯೂ ಉಳಿಯುವುದಿಲ್ಲ.

ಈಗ ಹೊಂದಿಸುವ ಮೊದಲು ಪ್ರತಿ ಸಲವೂ −0.5 ಮತ್ತು +0.5ರ ನಡುವಿನ ಯಾವುದಾದರೊಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿ ಕೂಡಿಸಲಾಗುತ್ತದೆ ಎಂದುಕೊಳ್ಳೋಣ. ಕೂಡಿಸಿದ ಸಂಖ್ಯೆ 0.2ಕ್ಕಿಂತ ಹೆಚ್ಚಾಗಿದ್ದರೆ ಫಲಿತಾಂಶ 4, ಇಲ್ಲದಿದ್ದರೆ 3. ಹತ್ತರಲ್ಲಿ ಸರಾಸರಿ ಮೂರು ಸಲ 4, ಏಳು ಸಲ 3 ಬರುತ್ತದೆ. ಅವುಗಳ ಸರಾಸರಿ 3.3. ಬರೆದ ಪ್ರತಿಯೊಂದು ಸಂಖ್ಯೆಯೂ ಪೂರ್ಣಾಂಕವೇ ಆಗಿದ್ದರೂ ಅವುಗಳ ಸಾಲಿನಲ್ಲಿ 0.3 ಉಳಿದುಕೊಂಡಿರುತ್ತದೆ. ಕಿವಿಯು ಒಂದೊಂದು ಮಾದರಿಯನ್ನು ಬಿಡಿಯಾಗಿ ಕೇಳದೆ ಅನೇಕ ಮಾದರಿಗಳನ್ನು ಒಟ್ಟಾಗಿ ಗ್ರಹಿಸುವುದರಿಂದ ಈ ಸರಾಸರಿಯೇ ಧ್ವನಿಯಾಗಿ ಕೇಳಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ತುಸು ಹೆಚ್ಚಿದ ಹಿನ್ನೆಲೆ ಸದ್ದು.

ದಿನಪತ್ರಿಕೆಯ ಕಪ್ಪು ಬಿಳುಪು ಚಿತ್ರವೂ ಇಂತಹದೇ ತತ್ತ್ವವನ್ನು ಅವಲಂಬಿಸಿದೆ. ಅಲ್ಲಿ ಇರುವುದು ಕಪ್ಪು ಮಸಿ ಮತ್ತು ಬಿಳಿ ಕಾಗದ ಮಾತ್ರ. ಆದರೂ ಚುಕ್ಕೆಗಳ ಹಂಚಿಕೆಯಿಂದ ದೂರದಿಂದ ನೋಡುವ ಕಣ್ಣಿಗೆ ಬೂದು ಬಣ್ಣದ ಹಲವು ಛಾಯೆಗಳು ಕಾಣುತ್ತವೆ.

ಗೋಲಗುಮ್ಮಟದ ಪ್ರತಿಧ್ವನಿ: ಒಂದು ಲೆಕ್ಕ

ಮಂದವಾಗುತ್ತ ಹೋಗುವ ಧ್ವನಿಗೆ ಕರ್ನಾಟಕದಲ್ಲಿ ಅತ್ಯಂತ ಪರಿಚಿತವಾದ ಉದಾಹರಣೆ ವಿಜಯಪುರ ನಗರದ ಗೋಲಗುಮ್ಮಟದ್ದು. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಬುಡದಲ್ಲಿ ಸುತ್ತಲೂ ಇರುವ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿರುವವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಏಳು ಸಲ ಮರುದನಿಸುತ್ತದೆ ಎಂಬುದು ಜನಜನಿತ ಮಾತು. ಇಂತಹ ಗ್ಯಾಲರಿಗಳಲ್ಲಿ ಧ್ವನಿಯು ಬಾಗಿದ ಗೋಡೆಯನ್ನು ಅನುಸರಿಸಿ ಸಾಗುವ ಬಗೆಯನ್ನು ಸಿ. ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದ್ದರು. 38 ಮೀಟರ್ ವ್ಯಾಸದ ವೃತ್ತದ ಸುತ್ತಳತೆ ಸುಮಾರು 119 ಮೀಟರ್ ಆಗಿರುವುದರಿಂದ, ಧ್ವನಿ ಗೋಡೆಯನ್ನು ಒಂದು ಸುತ್ತು ಬರಲು ಸುಮಾರು 0.35 ಸೆಕೆಂಡು ಬೇಕು.

ಮಂದ ಧ್ವನಿಗೂ ಬಿಟ್ ಆಳಕ್ಕೂ ಇರುವ ಸಂಬಂಧವನ್ನು ತಿಳಿಯಲು ಈ ಏಳು ಮರುದನಿಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಚಪ್ಪಾಳೆಯ ಮಟ್ಟ ಗರಿಷ್ಠ ಅಳತೆಗಿಂತ 6 ಡೆಸಿಬೆಲ್ ಕೆಳಗಿದ್ದು, ಪ್ರತಿ ಮರುದನಿಯೂ ಹಿಂದಿನದಕ್ಕಿಂತ 12 ಡೆಸಿಬೆಲ್ ಮಂದವಾಗಿರುತ್ತದೆ ಎಂದು ಊಹಿಸೋಣ. ಇದು ಕಟ್ಟಡದಲ್ಲಿ ಅಳೆದ ಸಂಖ್ಯೆಯಲ್ಲ, ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡದ್ದು. ಆಗ 16 ಬಿಟ್‌ಗಳ ಕಡತದಲ್ಲಿ ತರಂಗದ ಎತ್ತರ ಹೀಗಿರುತ್ತದೆ:

• ಚಪ್ಪಾಳೆ: −6 ಡೆಸಿಬೆಲ್, ಸುಮಾರು 16,423 ಮೆಟ್ಟಿಲು
• 1ನೆಯ ಮರುದನಿ: −18 ಡೆಸಿಬೆಲ್, ಸುಮಾರು 4,125 ಮೆಟ್ಟಿಲು
• 2ನೆಯ ಮರುದನಿ: −30 ಡೆಸಿಬೆಲ್, ಸುಮಾರು 1,036 ಮೆಟ್ಟಿಲು
• 3ನೆಯ ಮರುದನಿ: −42 ಡೆಸಿಬೆಲ್, ಸುಮಾರು 260 ಮೆಟ್ಟಿಲು
• 4ನೆಯ ಮರುದನಿ: −54 ಡೆಸಿಬೆಲ್, ಸುಮಾರು 65 ಮೆಟ್ಟಿಲು
• 5ನೆಯ ಮರುದನಿ: −66 ಡೆಸಿಬೆಲ್, ಸುಮಾರು 16 ಮೆಟ್ಟಿಲು
• 6ನೆಯ ಮರುದನಿ: −78 ಡೆಸಿಬೆಲ್, ಸುಮಾರು 4 ಮೆಟ್ಟಿಲು
• 7ನೆಯ ಮರುದನಿ: −90 ಡೆಸಿಬೆಲ್, ಸುಮಾರು 1 ಮೆಟ್ಟಿಲು

ಚಪ್ಪಾಳೆಯನ್ನು ಬರೆಯಲು ಸಾವಿರಾರು ಮೆಟ್ಟಿಲುಗಳಿದ್ದರೆ, ಏಳನೆಯ ಮರುದನಿಯನ್ನು ಬರೆಯಲು ದೊರೆಯುವುದು −1, 0, +1 ಎಂಬ ಮೂರು ಬೆಲೆಗಳು ಮಾತ್ರ. ಡಿದರ್ ಇಲ್ಲದಿದ್ದರೆ ಅದು ಗುರುತು ಸಿಗದಷ್ಟು ಒರಟಾಗುತ್ತದೆ. ಎಂಟನೆಯ ಮರುದನಿಯೊಂದಿದ್ದರೆ ಅದರ ಎತ್ತರ ಸುಮಾರು ಕಾಲು ಮೆಟ್ಟಿಲು. ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸಿದರೆ ಅದು ಪೂರ್ಣವಾಗಿ ಮಾಯವಾಗುತ್ತದೆ. ಡಿದರ್ ಬಳಸಿದರೆ ಏಳನೆಯದೂ ಎಂಟನೆಯದೂ ತಮ್ಮ ಆಕಾರವನ್ನು ಉಳಿಸಿಕೊಂಡು ಸಮಪ್ರಮಾಣದ ಹಿನ್ನೆಲೆ ಸದ್ದಿನೊಳಗೆ ಕ್ರಮೇಣ ಕರಗುತ್ತವೆ.

ಪ್ರವಾಸಿಗರ ಕೂಗು ತುಂಬಿರುವ ನಿಜವಾದ ಗುಮ್ಮಟದಲ್ಲಿ ಮುದ್ರಿಸಿದರೆ ಇಂತಹ ಮಂದ ಮರುದನಿಗಳು ಗದ್ದಲದಲ್ಲಿಯೇ ಮುಚ್ಚಿಹೋಗುತ್ತವೆ. ಆದರೆ ಸ್ಟುಡಿಯೋದಲ್ಲಿ ಹಾಡಿದ ವಚನಕ್ಕೆ ಮಿಶ್ರಣದ ವೇಳೆ ಗಣಕಯಂತ್ರದ ಮೂಲಕ ದೊಡ್ಡ ಗುಮ್ಮಟದ ಅನುರಣನವನ್ನು ಸೇರಿಸಿದಾಗ, ಆ ಅನುರಣನದ ತುದಿಯಲ್ಲಿ ಬೇರಾವ ಸದ್ದೂ ಇರುವುದಿಲ್ಲ. ಡಿದರ್‌ನ ಅಗತ್ಯ ಹೆಚ್ಚಾಗಿ ತಲೆದೋರುವುದು ಇಂತಹ ಕಡೆಯಲ್ಲಿ.

ಡಿದರ್‌ನ ಬಗೆಗಳು

ಆಯತಾಕಾರದ ಡಿದರ್: ಇದರಲ್ಲಿ ಒಂದು ಮೆಟ್ಟಿಲಿನ ವ್ಯಾಪ್ತಿಯೊಳಗಿನ ಎಲ್ಲ ಬೆಲೆಗಳಿಗೂ ಸಮಾನ ಅವಕಾಶವಿರುತ್ತದೆ. ಇದು ವಿರೂಪವನ್ನು ನಿವಾರಿಸುತ್ತದೆ. ಆದರೆ ಹಿನ್ನೆಲೆ ಸದ್ದಿನ ಪ್ರಮಾಣ ಮೂಲ ಧ್ವನಿಯೊಂದಿಗೆ ಏರಿಳಿಯುತ್ತದೆ.

ತ್ರಿಕೋನಾಕಾರದ ಡಿದರ್: ಎರಡು ಆಯತಾಕಾರದ ಡಿದರ್‌ಗಳನ್ನು ಕೂಡಿಸಿದಾಗ ಇದು ದೊರೆಯುತ್ತದೆ. ವ್ಯಾಪ್ತಿ ಎರಡು ಮೆಟ್ಟಿಲು. ವಿರೂಪ ನಿವಾರಣೆಯಾಗುವುದರ ಜೊತೆಗೆ ಹಿನ್ನೆಲೆ ಸದ್ದೂ ಒಂದೇ ಸಮನಾಗಿರುತ್ತದೆ. ಡಿದರ್ ಇಲ್ಲದ ಸ್ಥಿತಿಗೆ ಹೋಲಿಸಿದರೆ ಒಟ್ಟು ಸದ್ದು ಸುಮಾರು 4.8 ಡೆಸಿಬೆಲ್ ಹೆಚ್ಚುತ್ತದೆ. ಹೀಗಾಗಿ 16 ಬಿಟ್‌ಗಳಲ್ಲಿ 98 ಡೆಸಿಬೆಲ್ ಇದ್ದ ಅಂತರ ಸುಮಾರು 93 ಡೆಸಿಬೆಲ್ ಆಗುತ್ತದೆ. ಸಾಮಾನ್ಯ ಬಳಕೆಗೆ ಇದೇ ಸುರಕ್ಷಿತವಾದ ಆಯ್ಕೆ.

ಆಕಾರಗೊಳಿಸಿದ ಡಿದರ್: ಇದರಲ್ಲಿ ಹಿನ್ನೆಲೆ ಸದ್ದನ್ನು ಕಿವಿ ಹೆಚ್ಚು ಸೂಕ್ಷ್ಮವಾಗಿರುವ 2ರಿಂದ 5 ಕಿಲೋಹರ್ಟ್ಜ್ ಆಸುಪಾಸಿನಿಂದ ತೆಗೆದು, ಕಿವಿಗೆ ಅಷ್ಟಾಗಿ ಕೇಳಿಸದ ಮೇಲಿನ ಆವರ್ತನಗಳಿಗೆ ತಳ್ಳಲಾಗುತ್ತದೆ. ಸದ್ದಿನ ಒಟ್ಟು ಪ್ರಮಾಣ ಹೆಚ್ಚಿದರೂ ಕೇಳಿಸುವ ಪ್ರಮಾಣ ಕಡಿಮೆಯಾಗುತ್ತದೆ. ಸೋನಿ ಸಂಸ್ಥೆಯ ಸೂಪರ್ ಬಿಟ್ ಮ್ಯಾಪಿಂಗ್ ಈ ತತ್ತ್ವವನ್ನು ಬಳಸಿದ ವಿಧಾನಗಳಲ್ಲಿ ಒಂದು. ಇದನ್ನು ಅಂತಿಮ ಪ್ರತಿಗೆ ಮಾತ್ರ ಬಳಸಬೇಕು. ಮುಂದೆ ಮತ್ತೆ ಸಂಸ್ಕರಿಸಬೇಕಾದ ಕಡತಕ್ಕೆ ಇದು ತಕ್ಕುದಲ್ಲ.

ಯಾವಾಗ ಬಳಸಬೇಕು

• 24 ಬಿಟ್ ಅಥವಾ 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಮಿಶ್ರಣವನ್ನು ಸಿ.ಡಿ.ಗಾಗಿ 16 ಬಿಟ್‌ಗಳಿಗೆ ಇಳಿಸುವಾಗ ಡಿದರ್ ಬಳಸಬೇಕು.
• 16 ಬಿಟ್‌ಗಳ ಕಡತವನ್ನು ತೆರೆದು, ಮಟ್ಟವನ್ನು ಬದಲಿಸಿ ಅಥವಾ ಕೊನೆಯನ್ನು ಮೆಲ್ಲನೆ ಅಡಗಿಸಿ, ಮತ್ತೆ 16 ಬಿಟ್‌ಗಳಲ್ಲಿಯೇ ಉಳಿಸುವಾಗಲೂ ಬಳಸಬೇಕು. ಗುಣಾಕಾರದಿಂದ ಭಿನ್ನಾಂಕಗಳು ಹುಟ್ಟುವುದರಿಂದ ಇಲ್ಲಿ ಹೊಸದಾಗಿ ಕ್ವಾಂಟೀಕರಣ ನಡೆಯುತ್ತದೆ.
• 8 ಬಿಟ್‌ಗಳಿಗೆ ಇಳಿಸುವಾಗ ಡಿದರ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ಕೇಳಿಸುವಷ್ಟಿರುತ್ತದೆ.
• 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಿಂದ 24 ಬಿಟ್‌ಗಳಿಗೆ ಇಳಿಸುವಾಗ ತ್ರಿಕೋನಾಕಾರದ ಡಿದರ್ ಬಳಸುವುದು ತತ್ತ್ವಕ್ಕೆ ಅನುಗುಣವಾದುದು. ಆದರೆ ಈ ಮಟ್ಟದ ದೋಷ ಕಿವಿಗೆ ಕೇಳಿಸುವಂತಹುದಲ್ಲ. ಬಳಸುವುದರಿಂದ ಹಾನಿಯೂ ಇಲ್ಲ.

ಯಾವಾಗ ಬೇಕಾಗಿಲ್ಲ

• ಮಿಶ್ರಣವನ್ನು 32 ಬಿಟ್ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿಯೇ ಉಳಿಸುವಾಗ ಬೇಕಾಗಿಲ್ಲ. ಮಾಸ್ಟರಿಂಗ್ ಮಾಡುವವರಿಗೆ ಕಡತವನ್ನು ಈ ರೂಪದಲ್ಲಿ ಕಳುಹಿಸುವುದು ಉತ್ತಮ.
• ಬಿಟ್ ಆಳವನ್ನು ಹೆಚ್ಚಿಸುವಾಗ, ಉದಾಹರಣೆಗೆ 16 ಬಿಟ್‌ಗಳ ಕಡತವನ್ನು 24 ಬಿಟ್‌ಗಳ ಯೋಜನೆಯೊಳಗೆ ತರುವಾಗ, ಬೇಕಾಗಿಲ್ಲ.
• ಮಾದರಿಗಳನ್ನು ಬದಲಿಸದೆ ಕೇವಲ ಕತ್ತರಿಸಿ ಜೋಡಿಸುವಾಗ ಅಥವಾ ನಕಲು ಮಾಡುವಾಗ ಬೇಕಾಗಿಲ್ಲ.
• ಎಂಪಿ3 ಅಥವಾ ಎಎಸಿ ರೂಪಕ್ಕೆ ಬದಲಾಯಿಸುವಾಗ 24 ಬಿಟ್ ಅಥವಾ ಫ್ಲೋಟಿಂಗ್ ಪಾಯಿಂಟ್ ಕಡತವನ್ನೇ ನೇರವಾಗಿ ಒದಗಿಸಬಹುದು. ನಡುವೆ 16 ಬಿಟ್‌ಗಳಿಗೆ ಇಳಿಸುವ ಅಗತ್ಯವಿಲ್ಲ.

ಕಾರ್ಯಗಳ ಕ್ರಮ

ಡಿದರ್ ಬಳಸಿದ ಮೇಲೆ ಬೇರಾವ ಸಂಸ್ಕರಣೆಯನ್ನೂ ಮಾಡಬಾರದು. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ: ಮೊದಲು ಮಿಶ್ರಣ, ಸ್ವರ ಸಮತೋಲನ ಮತ್ತು ಅನುರಣನ, ಬಳಿಕ ಆರಂಭ ಮತ್ತು ಕೊನೆಗಳನ್ನು ಮೆಲ್ಲಗಾಗಿಸುವುದು, ಬೇಕಾದರೆ ಮಾದರಿ ದರದ ಬದಲಾವಣೆ, ಅನಂತರ ಲಿಮಿಟರ್ ಮೂಲಕ ಗರಿಷ್ಠ ಮಟ್ಟದ ನಿಗದಿ, ಕಟ್ಟಕಡೆಗೆ ಡಿದರ್ ಮತ್ತು ಬಿಟ್ ಆಳದ ಇಳಿಕೆ. ಡಿದರ್ ಸೇರಿದಾಗ ಗರಿಷ್ಠ ಅಳತೆಯನ್ನು ಮೀರದಂತೆ ಲಿಮಿಟರ್‌ನ ಮಿತಿಯನ್ನು ಸ್ವಲ್ಪ ಕೆಳಗಿಡಲಾಗುತ್ತದೆ.

ಒಂದೇ ಧ್ವನಿಗೆ ಅನಗತ್ಯವಾಗಿ ಎರಡು ಸಲ ಡಿದರ್ ಬಳಸುವುದನ್ನು ತಪ್ಪಿಸಬೇಕು. 16 ಬಿಟ್‌ಗಳಿಗೆ ಎರಡು ಸಲ ತ್ರಿಕೋನಾಕಾರದ ಡಿದರ್‌ನೊಂದಿಗೆ ಇಳಿಸಿದರೆ ಹಿನ್ನೆಲೆ ಸದ್ದು ಸುಮಾರು 3 ಡೆಸಿಬೆಲ್ ಹೆಚ್ಚುತ್ತದೆ. ಲಿಮಿಟರ್‌ನಲ್ಲಿಯೂ ಕಡತ ಉಳಿಸುವ ಕಿಟಕಿಯಲ್ಲಿಯೂ ಡಿದರ್ ಆಯ್ಕೆ ಇದ್ದರೆ ಒಂದನ್ನು ಮಾತ್ರ ಚಾಲೂ ಇಡಬೇಕು. ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಗುಣಮಟ್ಟದ ಆಯ್ಕೆಗಳ ಅಡಿಯಲ್ಲಿ ಡಿದರ್ ಇಲ್ಲದಿರುವುದು, ಆಯತಾಕಾರ, ತ್ರಿಕೋನಾಕಾರ ಮತ್ತು ಆಕಾರಗೊಳಿಸಿದ ಬಗೆ ಎಂಬ ನಾಲ್ಕು ಆಯ್ಕೆಗಳಿವೆ.

ಸಹಜ ಡಿದರ್ ಮತ್ತು ಜಾನಪದ ಧ್ವನಿಮುದ್ರಣ

ಎಲ್ಲ ಮುದ್ರಣಗಳಿಗೂ ಡಿದರ್‌ನ ಅಗತ್ಯ ಒಂದೇ ಪ್ರಮಾಣದ್ದಲ್ಲ. ಮೈಕು, ಆಂಪ್ಲಿಫೈಯರ್ ಮತ್ತು ಸುತ್ತಲಿನ ಪರಿಸರದ ಸದ್ದು 16 ಬಿಟ್‌ಗಳ ಒಂದು ಮೆಟ್ಟಿಲಿಗಿಂತ ಬಹಳ ದೊಡ್ಡದಾಗಿದ್ದರೆ ಆ ಸದ್ದೇ ಡಿದರ್‌ನ ಕೆಲಸವನ್ನು ಮಾಡುತ್ತದೆ. ಇದನ್ನು ಸಹಜ ಡಿದರ್ ಎನ್ನಬಹುದು.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಮೊದಲಾದ ಕಡೆಗಳಲ್ಲಿ ಗುಡಿಯ ಕಟ್ಟೆಯ ಮೇಲೆ ನಡೆಯುವ ಭಜನೆ, ತತ್ತ್ವಪದ ಅಥವಾ ಮೊಹರಂ ಪದಗಳ ಮುದ್ರಣವನ್ನು ಪರಿಗಣಿಸಬಹುದು. ಪೇಟಿ, ತಬಲಾ, ತಾಳ, ದಮ್ಮಡಿಗಳ ಜೊತೆಗೆ ಜನರ ಮಾತು, ಗಾಳಿ, ವಾಹನಗಳ ಸದ್ದೂ ಅದರಲ್ಲಿ ಸೇರಿರುತ್ತವೆ. ಇಂತಹ ಮುದ್ರಣವನ್ನು ಹಾಗೆಯೇ 16 ಬಿಟ್‌ಗಳಿಗೆ ಇಳಿಸಿದರೆ ಡಿದರ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕೇಳಿಸುವ ಸಂಭವ ಕಡಿಮೆ. ಹಳೆಯ ಕ್ಯಾಸೆಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಟೇಪಿನ ಸುಯ್ ಸದ್ದು 16 ಬಿಟ್‌ಗಳ ಹಿನ್ನೆಲೆ ಸದ್ದಿಗಿಂತ ಹತ್ತಾರು ಡೆಸಿಬೆಲ್ ಮೇಲಿರುತ್ತದೆ.

ಆದರೆ ಎರಡು ಸಂದರ್ಭಗಳಲ್ಲಿ ಈ ಸಹಜ ರಕ್ಷಣೆ ಕಳೆದುಹೋಗುತ್ತದೆ. ಒಂದು, ತಂತ್ರಾಂಶದ ಮೂಲಕ ಹಿನ್ನೆಲೆ ಸದ್ದನ್ನು ತೆಗೆದುಹಾಕಿದಾಗ. ಇನ್ನೊಂದು, ಪದದ ಕೊನೆಯನ್ನು ಮೆಲ್ಲನೆ ಅಡಗಿಸಿದಾಗ. ಅಡಗಿಸುವಾಗ ಹಾಡಿನೊಂದಿಗೆ ಹಿನ್ನೆಲೆ ಸದ್ದೂ ಕುಗ್ಗಿ ಮೆಟ್ಟಿಲಿಗಿಂತ ಕೆಳಗಿಳಿಯುತ್ತದೆ. ಆದುದರಿಂದ ಮೂಲ ಮುದ್ರಣ ಎಷ್ಟೇ ಗದ್ದಲದ್ದಾಗಿದ್ದರೂ, ಶುದ್ಧಗೊಳಿಸಿದ ಅಥವಾ ಅಡಗಿಸಿದ ಪ್ರತಿಯನ್ನು ಇಳಿಸುವಾಗ ಡಿದರ್ ಬಳಸುವುದೇ ಸರಿ.

ಹಿರಿಯ ಕಲಾವಿದರ ಪದಗಳನ್ನು ಸಂಗ್ರಹಿಸುವವರಿಗೆ ಇದರಿಂದ ಒಂದು ಮುಖ್ಯ ಸೂಚನೆ ದೊರೆಯುತ್ತದೆ. ಹಾಡಿದವರು ತೀರಿಕೊಂಡ ಮೇಲೆ ಅದೇ ಪದವನ್ನು ಅದೇ ದನಿಯಲ್ಲಿ ಮತ್ತೆ ಮುದ್ರಿಸಲು ಸಾಧ್ಯವಿಲ್ಲ. ಆದುದರಿಂದ 24 ಬಿಟ್‌ಗಳ ಮೂಲ ಕಡತವನ್ನು ಯಾವ ಬದಲಾವಣೆಯನ್ನೂ ಮಾಡದೆ, ಡಿದರ್ ಸೇರಿಸದೆ ಕಾಪಾಡಬೇಕು. 16 ಬಿಟ್‌ಗಳ ಕಡತ ಎಷ್ಟೇ ಚೆನ್ನಾಗಿದ್ದರೂ ಅದು ಹಂಚಿಕೆಯ ಪ್ರತಿ ಮಾತ್ರ. ಮೂಲವಿದ್ದರೆ ಮುಂದೆ ಉತ್ತಮ ವಿಧಾನ ಬಂದಾಗ ಹೊಸ ಪ್ರತಿ ತೆಗೆಯಬಹುದು.

ಇತಿಹಾಸ

ಡಿದರ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ನಡುಗು, ಕಂಪಿಸು ಎಂಬ ಅರ್ಥವಿದೆ. ಕ್ವಾಂಟೀಕರಣಕ್ಕೆ ಮೊದಲು ಯಾದೃಚ್ಛಿಕ ಸಂಕೇತವನ್ನು ಸೇರಿಸುವ ವಿಧಾನವನ್ನು ಲಾರೆನ್ಸ್ ರಾಬರ್ಟ್ಸ್ ಅವರು 1962ರಲ್ಲಿ ಚಿತ್ರಗಳ ರವಾನೆಗೆ ಸಂಬಂಧಿಸಿದ ಪ್ರಬಂಧದಲ್ಲಿ ವಿವರಿಸಿದರು. ಇವರು ಮುಂದೆ ಇಂಟರ್‌ನೆಟ್‌ನ ಪೂರ್ವರೂಪವಾದ ಅರ್ಪಾನೆಟ್‌ನ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದರು. 1964ರಲ್ಲಿ ಲಿಯೊನಾರ್ಡ್ ಶುಕ್‌ಮನ್ ಅವರು ಇದರ ಗಣಿತವನ್ನು ಮುಂದುವರಿಸಿದರು. 1982ರಲ್ಲಿ 16 ಬಿಟ್‌ಗಳ ಸಿ.ಡಿ. ಮಾರುಕಟ್ಟೆಗೆ ಬಂದ ಬಳಿಕ ಈ ವಿಷಯ ಧ್ವನಿ ತಂತ್ರಜ್ಞರಿಗೆ ಮಹತ್ವದ್ದಾಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಕೂಯ್ ಮತ್ತು ಸ್ಟ್ಯಾನ್ಲಿ ಲಿಪ್‌ಶಿಟ್ಜ್ ಅವರು 1984ರಿಂದ ಪ್ರಕಟಿಸಿದ ಪ್ರಬಂಧಗಳಲ್ಲಿ, ಸರಿಯಾದ ಡಿದರ್ ಬಳಸಿದರೆ ಒಂದು ಮೆಟ್ಟಿಲಿಗಿಂತ ಸಣ್ಣ ಧ್ವನಿಯೂ ಉಳಿಯುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ಕೇಳಿ ಪರೀಕ್ಷಿಸುವ ವಿಧಾನ

ಡಿದರ್‌ನ ಪರಿಣಾಮವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಕೇಳಬಹುದು. ತಂಬೂರಿಯ ಅಥವಾ ಪೇಟಿಯ ಒಂದು ಸ್ವರವನ್ನು ತೆಗೆದುಕೊಂಡು, ಹತ್ತು ಸೆಕೆಂಡುಗಳಲ್ಲಿ ಪೂರ್ಣವಾಗಿ ಅಡಗುವಂತೆ ಮಾಡಬೇಕು. ಅದನ್ನು 8 ಬಿಟ್‌ಗಳ ಕಡತವಾಗಿ ಒಮ್ಮೆ ಡಿದರ್ ಇಲ್ಲದೆ, ಇನ್ನೊಮ್ಮೆ ತ್ರಿಕೋನಾಕಾರದ ಡಿದರ್‌ನೊಂದಿಗೆ ಉಳಿಸಿ ಹೋಲಿಸಬೇಕು. ಮೊದಲನೆಯದರಲ್ಲಿ ಸ್ವರವು ಕೊನೆಗೆ ಗರಗರನೆ ಒಡೆದು ಥಟ್ಟನೆ ನಿಲ್ಲುತ್ತದೆ. ಎರಡನೆಯದರಲ್ಲಿ ಸುಯ್ ಸದ್ದು ಆರಂಭದಿಂದಲೇ ಇದ್ದರೂ ಸ್ವರವು ಒಡೆಯದೆ ಅದರೊಳಗೆ ಕರಗುತ್ತದೆ. 16 ಬಿಟ್‌ಗಳಲ್ಲಿ ನಡೆಯುವುದೂ ಇದೇ. ಆದರೆ ಅದು 48 ಡೆಸಿಬೆಲ್‌ನಷ್ಟು ಕೆಳಗಿನ ಮಟ್ಟದಲ್ಲಿ ನಡೆಯುವುದರಿಂದ ಸುಲಭವಾಗಿ ಕೇಳಿಸುವುದಿಲ್ಲ.

ತಪ್ಪು ಕಲ್ಪನೆಗಳು

ಡಿದರ್ ದೋಷವನ್ನು ಮುಚ್ಚಿಡುತ್ತದೆ ಎಂಬ ಅಭಿಪ್ರಾಯ ಸರಿಯಲ್ಲ. ಅದು ದೋಷಕ್ಕೂ ಧ್ವನಿಗೂ ಇರುವ ನಂಟನ್ನು ಕಡಿಯುತ್ತದೆ. ಹೀಗಾಗಿ ವಿರೂಪ ಅಡಗಿಕೊಳ್ಳುವುದಿಲ್ಲ, ಹುಟ್ಟುವುದೇ ಇಲ್ಲ.

ಈಗಾಗಲೇ ಡಿದರ್ ಇಲ್ಲದೆ ಇಳಿಸಿದ ಕಡತಕ್ಕೆ ಆಮೇಲೆ ಸದ್ದನ್ನು ಸೇರಿಸಿದರೆ ಅದು ಸರಿಹೋಗುತ್ತದೆ ಎಂಬುದೂ ತಪ್ಪು. ಇಳಿಸಿದ ಮೇಲೆ ಸೇರಿಸಿದ ಸದ್ದು ಕೇವಲ ಸದ್ದು. ಮೂಲ ಕಡತ ಲಭ್ಯವಿದ್ದರೆ ಅದರಿಂದಲೇ ಹೊಸದಾಗಿ ಇಳಿಸುವುದೊಂದೇ ದಾರಿ.

ಡಿದರ್ ಬಳಸಿದರೆ ಮಿಶ್ರಣದ ಮಾಧುರ್ಯ ಹೆಚ್ಚುತ್ತದೆ ಎಂಬ ನಿರೀಕ್ಷೆಯೂ ಸಲ್ಲದು. ಅಬ್ಬರದ ಹಾಡಿನಲ್ಲಿ ಅದರ ಇರವು ತಿಳಿಯುವುದೇ ಇಲ್ಲ. ಡಿದರ್ ಮರೆತ ಮಾತ್ರಕ್ಕೆ ಒಳ್ಳೆಯ ಮಿಶ್ರಣ ಕೆಡುವುದಿಲ್ಲ, ಬಳಸಿದ ಮಾತ್ರಕ್ಕೆ ಕೆಟ್ಟ ಮಿಶ್ರಣ ಸುಧಾರಿಸುವುದೂ ಇಲ್ಲ. ಮೈಕು ಇಡುವ ಜಾಗ, ಮುದ್ರಣದ ಮಟ್ಟ, ವಾದ್ಯಗಳ ಶ್ರುತಿ ಇವು ಫಲಿತಾಂಶದ ಮೇಲೆ ಬೀರುವ ಪ್ರಭಾವ ಬಹಳ ದೊಡ್ಡದು.